ಬಾಲೂ ತಮ್ಮ (ಅಕ್ಷರಶೈಲಿ)

ಬಾಲೂ ತಮ್ಮ ಎಂಬುದು ಕನ್ನಡ ಲಿಪಿಗಾಗಿ ರೂಪಿಸಲಾದ, ಮುಖ್ಯವಾಗಿ ಶೀರ್ಷಿಕೆಗಳಲ್ಲಿ ಬಳಸುವ ದಪ್ಪನೆಯ ಅಕ್ಷರಶೈಲಿ (ಫಾಂಟ್). ಮುಂಬಯಿಯ ಏಕ್ ಟೈಪ್ ಬಳಗವು ರಚಿಸಿದ ‘ಬಾಲೂ’ ಫಾಂಟ್ ಕುಟುಂಬಕ್ಕೆ ಸೇರಿದ ಇದು 2016ರಲ್ಲಿ ಗೂಗಲ್ ಫಾಂಟ್ಸ್ ಸಂಗ್ರಹದ ಮೂಲಕ ಉಚಿತವಾಗಿ ದೊರೆಯತೊಡಗಿತು. ಮೊದಲಿನದರಲ್ಲಿ ಒಂದೇ ದಪ್ಪವಿತ್ತು. ಅನಂತರ ಬಂದ ‘ಬಾಲೂ ತಮ್ಮ 2’ರಲ್ಲಿ ಸಾಧಾರಣದಿಂದ ಅತಿದಪ್ಪದವರೆಗೆ ಐದು ಹಂತಗಳಿವೆ.

ಹೆಸರು

ರುಡ್ಯಾರ್ಡ್ ಕಿಪ್ಲಿಂಗನ ‘ದಿ ಜಂಗಲ್ ಬುಕ್’ (1894) ಕಥೆಗಳಲ್ಲಿ ಬರುವ ಕರಡಿಯ ಹೆಸರೂ ಬಾಲೂ. ಕುಟುಂಬದ ಇತರ ಫಾಂಟುಗಳೂ ಆಯಾ ಭಾಷೆಯ ಸೋದರವಾಚಕಗಳನ್ನೇ ಹೊತ್ತಿವೆ: ತೆಲುಗಿನದು ತಮ್ಮುಡು, ತಮಿಳಿನದು ತಂಬಿ, ಮಲಯಾಳದ್ದು ಚೇಟ್ಟನ್, ಬಂಗಾಳಿಯದು ದಾ. ಮಲಯಾಳ, ಬಂಗಾಳಿಗಳಿಗೆ ಅಣ್ಣನ ಸ್ಥಾನ ದೊರೆತು ಕನ್ನಡ ತಮ್ಮನಾಗಿ ಉಳಿದಿರುವುದು ವಿನೋದದ ಸಂಗತಿ.

ಸ್ವರೂಪ

ಇದರ ಗೆರೆಗಳು ದಪ್ಪ, ತುದಿಗಳು ದುಂಡು. ಅಳತೆಪಟ್ಟಿಯಿಟ್ಟು ಗೀಚಿದಂತಿರದೆ ಕೈಯಿಂದ ತಿದ್ದಿದಂತೆ ತೋರುತ್ತವೆ. ಕನ್ನಡದ ಅಕ್ಷರಗಳು ಮೊದಲೇ ದುಂಡಾಗಿರುವುದರಿಂದ ಈ ಲಕ್ಷಣ ಸಹಜವಾಗಿ ಒಪ್ಪುತ್ತದೆ.

ಆದರೆ ಕನ್ನಡದಲ್ಲಿ ಗೆರೆಯನ್ನು ದಪ್ಪಗೊಳಿಸುವುದು ಸುಲಭದ ಕೆಲಸವಲ್ಲ. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ‘ರ’ ಮತ್ತು ‘ಠ’ಗಳಿಗಿರುವ ಭೇದ ಒಂದು ಚುಕ್ಕೆ. ‘ದ’, ‘ಧ’ಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಸೀಳು. ಇವು ಮುಚ್ಚಿಹೋದರೆ ಓದುಗನು ಊಹೆಯಿಂದ ಓದಬೇಕಾಗುತ್ತದೆ. ಅಕ್ಷರ ಕಲಿಯುತ್ತಿರುವ ಮಗುವಿಗೆ ಆ ಊಹೆಯೂ ಸಾಧ್ಯವಿಲ್ಲ.

ಒತ್ತಕ್ಷರಗಳಲ್ಲಿ ಈ ತೊಡಕು ಹೆಚ್ಚು. ಉತ್ತರ ಕನ್ನಡ ಜಿಲ್ಲೆಯ ಊರುಗಳ ಹೆಸರುಗಳನ್ನೇ ನೋಡಬಹುದು. ‘ಶಿರಸಿ’ಯಲ್ಲಿ ಒತ್ತೇ ಇಲ್ಲ. ‘ಯಲ್ಲಾಪುರ’ದಲ್ಲಿ ಒಂದು ಲಕಾರದ ಒತ್ತು. ‘ಸಿದ್ದಾಪುರ’ವನ್ನು ಕೆಲವರು ‘ಸಿದ್ಧಾಪುರ’ ಎಂದೂ ಬರೆಯುವುದುಂಟು. ಎರಡಕ್ಕೂ ಇರುವ ಅಂತರ ಒತ್ತಿನೊಳಗಿನ ಸೀಳು ಮಾತ್ರ. ‘ನಿಲ್ಕುಂದ’ದಲ್ಲಿ ಉಚ್ಚಾರಣೆಯಂತೆ ಕಕಾರಕ್ಕೆ ಸೇರಬೇಕಾದ ಕೊಂಬು ಲಕಾರದ ಬಲಕ್ಕೆ ನಿಲ್ಲುತ್ತದೆ, ಕಕಾರ ಒತ್ತಾಗಿ ಕೆಳಗಿಳಿಯುತ್ತದೆ. ಅತಿದಪ್ಪ ಶೈಲಿಯಲ್ಲಿ ಇಂಥ ಹೆಸರನ್ನು ಚಿಕ್ಕದಾಗಿ ಅಚ್ಚುಮಾಡುವುದು ತರವಲ್ಲ. ಸಾಲುಗಳ ನಡುವೆಯೂ ಒತ್ತಿಗೆ ಸಾಕಷ್ಟು ಎಡೆ ಬಿಡಬೇಕು.

ಬಳಕೆ

ಮಕ್ಕಳ ಪುಸ್ತಕದ ಹೊದಿಕೆ, ಶಾಲೆಯ ಭಿತ್ತಿಪತ್ರ, ಅಂಗಡಿಯ ಫಲಕ, ಆಮಂತ್ರಣಗಳಿಗೆ ಇದು ಯೋಗ್ಯ. ಪಠ್ಯದ ಒಡಲಿಗೆ ಅಲ್ಲ. ಪುಟವಿಡೀ ಇದೇ ಇದ್ದರೆ ಕಣ್ಣು ದಣಿಯುತ್ತದೆ. ಶೋಕಪತ್ರಕ್ಕೂ ಇದರ ಲವಲವಿಕೆ ಹೊಂದುವುದಿಲ್ಲ.

ಇದು ಯೂನಿಕೋಡ್ ಫಾಂಟ್. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಸಂಕೇತವ್ಯವಸ್ಥೆಯಲ್ಲಿ ಬೆರಳಚ್ಚು ಮಾಡಿದ ಬರೆಹಕ್ಕೆ ಇದನ್ನು ನೇರವಾಗಿ ಅನ್ವಯಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒತ್ತುಗಳನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕು.

ಪರವಾನಗಿ

ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿರುವುದರಿಂದ ಶಾಲೆ, ಮುದ್ರಣಾಲಯ, ವ್ಯಾಪಾರಿ ಯಾರೇ ಆಗಲಿ ಶುಲ್ಕವಿಲ್ಲದೆ ಬಳಸಬಹುದು, ಹಂಚಬಹುದು, ಮಾರ್ಪಡಿಸಲೂಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಮಾರ್ಪಡಿಸಿದ ರೂಪವನ್ನು ಹಂಚುವಾಗ ಅದೇ ಪರವಾನಗಿಯನ್ನು ಉಳಿಸಿಕೊಳ್ಳಬೇಕು.