ನಾಲ್ಕೇ ಎಲೆಯ ಹಬ್ಬದೂಟ

ಊಟಕ್ಕೆ ಕೂರುವವರನ್ನು ಎಲೆಯ ಲೆಕ್ಕದಲ್ಲಿ ಎಣಿಸುವುದು ಕನ್ನಡದ ಮನೆಗಳ ವಾಡಿಕೆ. ಮದುವೆಮನೆಯ ಅಡಿಗೆಯವರು ‘ಎಷ್ಟು ಎಲೆ?’ ಎಂದು ಕೇಳುತ್ತಾರೆ. ಮನೆಯ ಹಿರಿಯರು ‘ಇನ್ನೆರಡು ಎಲೆ ಹಾಕಿ’ ಎನ್ನುತ್ತಾರೆ. ಯುಗಾದಿಯಂಥ ಹಬ್ಬದ ದಿನ ಕೂಡುಕುಟುಂಬದ ನಡುಮನೆಯಲ್ಲಿ ಇಪ್ಪತ್ತು ಮೂವತ್ತು ಎಲೆಗಳು ಬೀಳುವುದು ಒಂದು ಕಾಲಕ್ಕೆ ಸಾಮಾನ್ಯ ಸಂಗತಿಯಾಗಿತ್ತು. ಈಗ ನಾಲ್ಕು ಬಿದ್ದರೆ ಅದೇ ಹೆಚ್ಚು. 2011ರ ಜನಗಣತಿಯ ಪ್ರಕಾರ ದೇಶದ ಸುಮಾರು 121 ಕೋಟಿ ಜನ ಸುಮಾರು 25 ಕೋಟಿ ಸಂಸಾರಗಳಲ್ಲಿ ಹಂಚಿಹೋಗಿದ್ದರು. ಭಾಗಿಸಿ ನೋಡಿದರೆ ಒಂದು ಸಂಸಾರಕ್ಕೆ ಐದು ಎಲೆಯೂ ಪೂರ್ತಿ ಬರುವುದಿಲ್ಲ.

ಎಲೆಗಳು ಕಡಿಮೆಯಾದವು, ಆದರೆ ಹಬ್ಬದ ಅಡಿಗೆಯ ಪಟ್ಟಿ ಕಡಿಮೆಯಾಗಲಿಲ್ಲ. ಅಜ್ಜಿ, ಅತ್ತೆ, ಓರಗಿತ್ತಿ, ನಾದಿನಿ ಎಲ್ಲ ಸೇರಿ ಎಂಟು ಹತ್ತು ಕೈಗಳು ಮಾಡುತ್ತಿದ್ದ ಹೋಳಿಗೆ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಸಾರು, ಹುಳಿ, ಪಾಯಸಗಳನ್ನು ಈಗ ಎರಡೇ ಕೈಗಳು ಮಾಡಬೇಕಾಗಿದೆ. ಹಬ್ಬದ ಮಧ್ಯಾಹ್ನ ಮನೆಯವರೆಲ್ಲ ಉಂಡು ಒರಗಿದ ಮೇಲೆ, ಆ ಎರಡು ಕೈಗಳ ಒಡತಿ ಆರಿದ ಅನ್ನಕ್ಕೆ ಸಾರು ಕಲೆಸಿಕೊಳ್ಳುತ್ತ ‘ಸದ್ಯ, ಹಬ್ಬ ಮುಗಿಯಿತಲ್ಲ’ ಎಂದುಕೊಂಡರೆ ಅದು ಆಕೆಯ ಸೋಮಾರಿತನವಲ್ಲ. ದೊಡ್ಡ ಮನೆಗಾಗಿ ಹುಟ್ಟಿದ ಒಂದು ವ್ಯವಸ್ಥೆಯನ್ನು ಚಿಕ್ಕ ಮನೆಯೊಳಕ್ಕೆ ಹಾಗೆಯೇ ತಂದಿಟ್ಟುದರ ಫಲ ಅದು.

ಹಾಗಾದರೆ ಹಬ್ಬದೂಟವನ್ನೇ ಬಿಡಬೇಕೆ? ಬೇಕಿಲ್ಲ. ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿದರೆ, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬಹುದು ಎಂಬುದೂ ತಿಳಿಯುತ್ತದೆ.

ಬಡಿಸುವ ಕೈ, ಉಣ್ಣುವ ಕೈ

ನಮ್ಮ ಸಾಂಪ್ರದಾಯಿಕ ಊಟದ ಕೇಂದ್ರದಲ್ಲಿರುವುದು ಬಡಿಸುವುದು. ಉಣ್ಣುವವರು ತಾವೇ ಪಾತ್ರೆಯಿಂದ ತೆಗೆದುಕೊಳ್ಳುವ ಪದ್ಧತಿ ಇಲ್ಲಿರಲಿಲ್ಲ. ಇದಕ್ಕೆ ಕಾರಣ ಎಂಜಲಿನ ಕಲ್ಪನೆ. ಬಲಗೈಯಲ್ಲಿ ಉಣ್ಣುತ್ತೇವೆ, ಉಣ್ಣುತ್ತಿರುವ ಕೈಯಿಂದ ಸೌಟು ಮುಟ್ಟಿದರೆ ಪಾತ್ರೆಯೆಲ್ಲ ಎಂಜಲು. ಎಡಗೈಯಿಂದ ಬಡಿಸುವುದು ನಿಷಿದ್ಧ. ಈ ಎರಡು ನಿಯಮಗಳು ಸೇರಿದಾಗ ಉಳಿಯುವ ದಾರಿ ಒಂದೇ: ಬಡಿಸುವವರು ಉಣ್ಣುವಂತಿಲ್ಲ, ಉಣ್ಣುವವರು ಬಡಿಸುವಂತಿಲ್ಲ. ಎಷ್ಟೇ ಜನ ಕುಳಿತರೂ ಒಬ್ಬರಾದರೂ ನಿಂತಿರಲೇಬೇಕು.

ದೊಡ್ಡ ಮನೆಯಲ್ಲಿ ಇದಕ್ಕೆ ಪಂಕ್ತಿಯ ಪರಿಹಾರವಿತ್ತು. ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದು, ಬೇಕಾದರೆ ಮೂರನೆಯದು. ಕೊನೆಯ ಪಂಕ್ತಿಯಲ್ಲಿ ಹೆಂಗಸರು ನಾಲ್ಕೈದು ಜನ ಒಟ್ಟಿಗೆ ಕುಳಿತು, ಒಬ್ಬರಿಗೊಬ್ಬರು ಬಡಿಸಿಕೊಂಡು, ಮಾತಾಡುತ್ತ ನಿಧಾನವಾಗಿ ಉಣ್ಣುತ್ತಿದ್ದರು. ಅಲ್ಲಿಗೆ ಬರುವ ಹೊತ್ತಿಗೆ ಪಲ್ಯ ತಳ ಕಂಡಿರಬಹುದು, ಹೋಳಿಗೆ ಎಣಿಕೆಗೆ ಬಂದಿರಬಹುದು, ಆದರೂ ಜೊತೆಯಿತ್ತು. ನಾಲ್ಕು ಜನರ ಮನೆಯಲ್ಲಿ ಕೊನೆಯ ಪಂಕ್ತಿಯೆಂದರೆ ಒಂಟಿ ಎಲೆ. ತಡವಾದ ಊಟ ಮೊದಲೂ ಇತ್ತು; ಒಂಟಿತನ ಹೊಸದಾಗಿ ಸೇರಿಕೊಂಡಿತು.

ಪಂಕ್ತಿಗೆ ಇನ್ನೊಂದು ಮುಖವೂ ಇತ್ತು. ಯಾರ ಪಕ್ಕದಲ್ಲಿ ಯಾರು ಕೂರಬಹುದು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. 12ನೇ ಶತಮಾನದ ಶರಣರು ದಾಸೋಹವನ್ನು ತಮ್ಮ ಬದುಕಿನ ನಡುವೆ ತಂದಿಟ್ಟುಕೊಂಡುದಕ್ಕೂ, 20ನೇ ಶತಮಾನದ ಸುಧಾರಕರು ಸಹಪಂಕ್ತಿ ಭೋಜನಗಳನ್ನು ಏರ್ಪಡಿಸಿದುದಕ್ಕೂ ಇದೇ ಹಿನ್ನೆಲೆ. ಜೊತೆಗೆ ಕೂತು ಉಣ್ಣುವುದು ಸಣ್ಣ ಸಂಗತಿಯೆಂದು ನಮ್ಮ ಸಮಾಜ ಎಂದೂ ಭಾವಿಸಿರಲಿಲ್ಲ.

ಹೆಂಗಸರು ಕೊನೆಗೆ ಉಣ್ಣುವುದು ಶಾಸ್ತ್ರ ಎಂದು ಹೇಳುವವರಿದ್ದಾರೆ. ಆದರೆ ಶಾಸ್ತ್ರದ ಮಾತು ಅಷ್ಟು ಸರಳವಾಗಿಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಬಾಲಕಿಯರು, ರೋಗಿಗಳು, ಗರ್ಭಿಣಿಯರು ಇವರಿಗೆಲ್ಲ ಅತಿಥಿಗಳಿಗಿಂತ ಮುಂಚೆ ಊಟ ಹಾಕಬೇಕೆನ್ನುತ್ತದೆ. ಅತಿಥಿಗಳು, ಬಂಧುಗಳು, ಆಳುಕಾಳುಗಳೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣಬೇಕಾದವರು ಗಂಡ ಹೆಂಡತಿ ಇಬ್ಬರೂ ಎಂದು ಅದೇ ಅಧ್ಯಾಯದಲ್ಲಿದೆ. ಅಂದರೆ ಮನೆಯ ಯಜಮಾನನ ಎಲೆಯೂ ಕೊನೆಯದೇ. ಅದೇ ಗ್ರಂಥದ ನಾಲ್ಕನೆಯ ಅಧ್ಯಾಯ ಗಂಡನಾದವನು ಹೆಂಡತಿಯ ಜೊತೆಯಲ್ಲಿ ಉಣ್ಣಬಾರದೆನ್ನುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ಮನೆಗಳು ಇವುಗಳಲ್ಲಿ ಅನುಕೂಲವಾದುದನ್ನು ಆರಿಸಿಕೊಂಡು, ಯಜಮಾನನನ್ನು ಮೊದಲ ಪಂಕ್ತಿಗೆ ಕಳಿಸಿ ಗೃಹಿಣಿಯೊಬ್ಬಳನ್ನು ಕೊನೆಗೆ ಉಳಿಸಿದವು. ಆರಿಸಿಕೊಂಡುದನ್ನು ಬದಲಿಸಿಕೊಳ್ಳಲೂ ಬಹುದು.

ಎಲೆಯ ಮೇಲಿನ ಕ್ರಮ

ಬಾಳೆಲೆಯನ್ನು ಅದರ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕುವುದು ರೂಢಿ. ಅಗಲವಾದ ಭಾಗ ಬಲಗೈಯ ಕಡೆಗೆ ಬರುತ್ತದೆ. ಕಲೆಸುವುದಕ್ಕೆ, ಉಣ್ಣುವುದಕ್ಕೆ ಜಾಗ ಸಿಗುತ್ತದೆ. ಎಲೆಯ ಮೈಮೇಲೆ ಸಹಜವಾದ ಮೇಣದ ಪದರವಿರುವುದರಿಂದ ಸಾರು ಮಜ್ಜಿಗೆಗಳು ಅದರೊಳಗೆ ಇಳಿಯುವುದಿಲ್ಲ. ಬಾಳೆ ಸುಲಭವಾಗಿ ಸಿಗದ ಬಯಲು ಸೀಮೆಯಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ ಊಟದೆಲೆ ಮಾಡಿಕೊಳ್ಳುತ್ತಿದ್ದರು.

ಎಲೆಯ ಮೇಲ್ಭಾಗದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಕೆಳಭಾಗದಲ್ಲಿ ಅನ್ನ. ಮೇಲಿನವು ನಂಚಿಕೊಳ್ಳುವಂಥವು, ಊಟ ಮುಗಿಯುವವರೆಗೂ ಅಲ್ಲಿಯೇ ಇರುತ್ತವೆ. ಕೆಳಗಿನದು ಬದಲಾಗುತ್ತ ಹೋಗುತ್ತದೆ. ಮೊದಲಿಗೆ ಎಲೆಯ ಮೇಲೆ ಒಂದು ತೊಟ್ಟು ತುಪ್ಪ, ನಾಲಿಗೆಗೆ ಒಂದಿಷ್ಟು ಪಾಯಸ. ಬಳಿಕ ಅನ್ನ ತೊವ್ವೆ, ಸಾರು, ಹುಳಿ, ಭಕ್ಷ್ಯ. ಕೊನೆಗೆ ಮೊಸರು ಇಲ್ಲವೆ ಮಜ್ಜಿಗೆ. ಸೀಮೆಯಿಂದ ಸೀಮೆಗೆ ಇದು ವ್ಯತ್ಯಾಸವಾಗುತ್ತದೆ. ನಮ್ಮಲ್ಲಿ ಬಹುಕಡೆ ಸಾರು ಮೊದಲು, ಹುಳಿ ಆಮೇಲೆ. ತಮಿಳರ ಊಟದಲ್ಲಿ ಸಾಂಬಾರು ಮೊದಲು, ರಸಂ ಆಮೇಲೆ. ಸಿಹಿಯಿಂದ ಊಟ ಆರಂಭಿಸುವುದಕ್ಕೆ ಹಳೆಯ ಆಧಾರವಿದೆ. ಮೊದಲು ಸಿಹಿ, ನಡುವೆ ಹುಳಿ ಮತ್ತು ಉಪ್ಪು, ಆಮೇಲೆ ಉಳಿದ ರುಚಿಗಳು ಎಂಬುದು ಸುಶ್ರುತ ಸಂಹಿತೆ ಹೇಳುವ ಕ್ರಮ.

ಎಲೆಯ ಮೂಲೆಯ ಚಿಟಿಕೆ ಉಪ್ಪಿಗೂ ಉಪಯೋಗವಿದೆ. ದೇವರಿಗೆ ಎಡೆಯಾಗುವವರೆಗೆ ಹಬ್ಬದ ಅಡಿಗೆಯ ರುಚಿ ನೋಡುವಂತಿಲ್ಲ. ಉಪ್ಪು ಹಾಕುವುದು ಕೈಯ ಅಂದಾಜಿನಿಂದಲೇ. ಅಂದಾಜು ತಪ್ಪಿ ಸಪ್ಪೆಯಾದರೆ, ಅಡಿಗೆ ಮಾಡಿದವರ ಮನಸ್ಸು ನೋಯಿಸದೆ ಉಣ್ಣುವವರೇ ಸದ್ದಿಲ್ಲದೆ ಸರಿಪಡಿಸಿಕೊಳ್ಳಬಹುದು.

ಅಡಿಗೆಯನ್ನು ಶಾಸ್ತ್ರವೆಂದು ಗೌರವಿಸಿದ ಪರಂಪರೆ ಕನ್ನಡ ನಾಡಿನಲ್ಲಿ ಹಳೆಯದು. 1025ರಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ಜ್ಯೋತಿಷ್ಯಗಳ ಜೊತೆಗೆ ಪಾಕಶಾಸ್ತ್ರಕ್ಕೂ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟಕ್ಕೆಂದೇ ‘ಅನ್ನಭೋಗ’ ಎಂಬ ಭಾಗವುಂಟು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದ. ಅವನ ಕಾಲದ ಹಬ್ಬದೂಟಕ್ಕೂ ನಮ್ಮದಕ್ಕೂ ಒಂದು ದೊಡ್ಡ ಅಂತರವಿದೆ: ಇಂದು ಒಗ್ಗರಣೆಗೆ ಬೇಕೇ ಬೇಕಾದ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಅದಕ್ಕೂ ಮುಂಚೆ ನಮ್ಮ ಖಾರವೆಂದರೆ ಕಾಳುಮೆಣಸು. ಹೊಸ ಕಾಯಿಗೆ ಆ ಹಳೆಯ ಹೆಸರನ್ನೇ ಅಂಟಿಸಿದೆವು. ಟೊಮೆಟೊ, ಆಲೂಗಡ್ಡೆಗಳ ತವರೂ ಅಮೆರಿಕವೇ. ಸಂಪ್ರದಾಯವೆಂದು ನಾವು ನಂಬಿರುವ ಊಟ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ.

ಒಂದು ಬೇಳೆ, ಮೂರು ಅಡಿಗೆ

ಹಬ್ಬದ ಪಟ್ಟಿ ಉದ್ದವಾಗಿ ಕಂಡರೂ ಅದರೊಳಗೊಂದು ಜಾಣ ಮಿತವ್ಯಯವಿದೆ. ಯುಗಾದಿಯ ಹೋಳಿಗೆಯನ್ನೇ ನೋಡಿ. ತೊಗರಿಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಬೇಳೆ ಹೂರಣಕ್ಕಾಗುತ್ತದೆ. ಬಸಿದ ಕಟ್ಟು ಚೂರು ಹೂರಣದೊಡನೆ ಸೇರಿ ಒಬ್ಬಟ್ಟಿನ ಸಾರಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕಟ್ಟಿನ ಸಾರು ಎಂದೇ ಹೆಸರು. ಬೆಲ್ಲ ಹಾಕುವ ಮೊದಲೇ ಒಂದು ಹಿಡಿ ಬೆಂದ ಬೇಳೆ ತೆಗೆದಿಟ್ಟರೆ ತೊವ್ವೆಯೂ ಸಿದ್ಧ. ಒಂದು ಸಲ ಒಲೆಯ ಮೇಲಿಟ್ಟ ಬೇಳೆಯಿಂದ ಮೂರು ಅಡಿಗೆ. ಹಾಗೆಯೇ ಒಂದು ತೆಂಗಿನಕಾಯಿ ತುರಿದರೆ ಕೋಸಂಬರಿ, ಪಲ್ಯ, ಚಿತ್ರಾನ್ನ ಮೂರಕ್ಕೂ ಆಯಿತು. ಒಂದು ಮಾವಿನಕಾಯಿ ಚಿತ್ರಾನ್ನಕ್ಕೆ ಹುಳಿ ಕೊಟ್ಟು, ಉಳಿದರೆ ಉಪ್ಪು ಖಾರ ಬೆರೆತು ಎಲೆಯ ಮೇಲ್ಭಾಗಕ್ಕೂ ಬರುತ್ತದೆ.

ನಾಲ್ಕು ಎಲೆಗೆ ಕಾಲು ಕಿಲೋ ಬೇಳೆ, ಸುಮಾರು ಅಷ್ಟೇ ತೂಕದ ಬೆಲ್ಲ ಧಾರಾಳವಾಯಿತು, ಹದಿನೈದರಷ್ಟು ಹೋಳಿಗೆಗಳಾಗುತ್ತವೆ. ತಲೆಗೆ ಎರಡರಂತೆ ಉಂಡರೂ ಪಕ್ಕದ ಮನೆಗೆ ಕೊಡಲು ಉಳಿಯುತ್ತದೆ. ಹೋಳಿಗೆ, ಅದರದೇ ಸಾರು, ತೊವ್ವೆ, ಕೋಸಂಬರಿ, ಒಂದು ಪಲ್ಯ, ಚಿತ್ರಾನ್ನ, ಮಜ್ಜಿಗೆ: ಈ ಏಳರಲ್ಲಿ ಸಿಹಿ, ಹುಳಿ, ಖಾರ, ಹಸಿ, ಬೆಂದದ್ದು ಎಲ್ಲವೂ ಬಂದವು. ಹುಳಿ, ಪಾಯಸ, ಎರಡನೆಯ ಪಲ್ಯ, ಗೊಜ್ಜುಗಳನ್ನು ಬಿಟ್ಟರೆ ಎಲೆ ಬಡವಾಗುವುದಿಲ್ಲ.

ಕೆಲಸವನ್ನು ಹಂಚುವುದಕ್ಕೂ ಉಪಾಯವಿದೆ. ಮಡಿಯ ಕಟ್ಟುಪಾಡಿಲ್ಲದ ಮನೆಯಲ್ಲಿ ಹಿಂದಿನ ಸಂಜೆಯೇ ಹೂರಣ ರುಬ್ಬಿ ತಂಪಾದ ಜಾಗದಲ್ಲಿಡಬಹುದು. ಸಾರು ಹಳತಾದಷ್ಟೂ ರುಚಿ ಎಂದು ಬಲ್ಲವರು ಹೇಳುತ್ತಾರೆ. ಹಪ್ಪಳ ಸಂಡಿಗೆಗಳನ್ನು ಕರಿದು ಡಬ್ಬಿಗೆ ತುಂಬಿಡಬಹುದು. ಬೆಳಗ್ಗೆ ಕಣಕ ಕಲೆಸಿ ಎಣ್ಣೆಯಲ್ಲಿ ನೆನೆಯಲು ಬಿಡುವುದು, ಕೋಸಂಬರಿಗೆ ಹೆಸರುಬೇಳೆ ನೆನೆಹಾಕುವುದು, ಚಿತ್ರಾನ್ನದ ಅನ್ನ ಆರಲು ಹರವುವುದು ಇಷ್ಟೇ. ಕೋಸಂಬರಿಗೆ ಉಪ್ಪನ್ನು ಮಾತ್ರ ಎಲೆ ಹಾಕುವ ಹೊತ್ತಿಗೆ ಬೆರೆಸಬೇಕು. ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ತೆಂಗಿನಕಾಯಿ ತುರಿಯುವುದಕ್ಕೆ, ಸೌತೆಕಾಯಿ ಕೊಚ್ಚುವುದಕ್ಕೆ, ಎಲೆ ಒರೆಸುವುದಕ್ಕೆ ಯಾವ ವಿದ್ಯೆಯೂ ಬೇಡ. ಮನೆಯ ಗಂಡಸರಿಗೂ ಮಕ್ಕಳಿಗೂ ಅವು ಸಾಧ್ಯ. ಹೋಳಿಗೆಯೇ ಕಷ್ಟವಾದರೆ ಅಂಗಡಿಯಿಂದ ತಂದರೂ ದೋಷವಿಲ್ಲ. ಆದರೆ ಕಟ್ಟಿನ ಸಾರು ಮಾತ್ರ ಅದರೊಡನೆ ಬರುವುದಿಲ್ಲ ಎಂಬುದು ನೆನಪಿರಲಿ.

ಎಲ್ಲ ಮನೆಯ ಯುಗಾದಿಯೂ ಇದೇ ಎಲೆಯ ಮೇಲೆ ಮುಗಿಯುವುದಿಲ್ಲ. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಮರುದಿನದ ಹೊಸತೊಡಕಿನ ಬಾಡೂಟವೇ ಹಬ್ಬದ ನಿಜವಾದ ಗಮ್ಮತ್ತು. ತುಳುನಾಡಿನಲ್ಲಿ ಹೊಸ ವರ್ಷ ಏಪ್ರಿಲ್ ನಡುವೆ ಬರುವ ಬಿಸುವಿನ ದಿನ. ಅಡಿಗೆ ಯಾವುದಾದರೂ ನಿಂತು ಬಡಿಸುವ ಕೈಯ ಪ್ರಶ್ನೆ ಒಂದೇ.

ಕೊನೆಯ ಎಲೆ

ಆ ಪ್ರಶ್ನೆಗೆ ಚಿಕ್ಕ ಮನೆ ಕಂಡುಕೊಳ್ಳಬಹುದಾದ ಉತ್ತರ ಸರಳ. ನಾಲ್ಕು ಎಲೆಗಳನ್ನೂ ಒಮ್ಮೆಗೇ ಹಾಕಿ ಮೇಲ್ಭಾಗವನ್ನು ಪೂರ್ತಿ ಬಡಿಸಿಬಿಡುವುದು. ಅನ್ನ, ತೊವ್ವೆ, ತುಪ್ಪ, ಹೋಳಿಗೆಗಳೂ ಆ ಸುತ್ತಿನಲ್ಲೇ ಬೀಳಲಿ. ಸಾರು, ಮಜ್ಜಿಗೆಯ ಪಾತ್ರೆಗಳನ್ನು ಕೈಗೆಟಕುವ ಹಾಗೆ ನಡುವೆ ಇಟ್ಟು ಎಲ್ಲರೂ ಕೂರುವುದು. ಎರಡನೆಯ ಸುತ್ತಿಗೆ ಎಡಗೈಯಲ್ಲಿ ಸೌಟು ಹಿಡಿಯಲು ಒಪ್ಪುವ ಮನೆಯಾದರೆ ಅಲ್ಲಿಗೆ ಮುಗಿಯಿತು. ಊಟದ ಮೇಜು ಬಂದ ಮನೆಗಳಲ್ಲಿ ಇದು ಸದ್ದಿಲ್ಲದೆ ರೂಢಿಗೂ ಬಂದಿದೆ. ಎಡಗೈ ಬೇಡವೆನ್ನುವ ಮನೆಯಲ್ಲಿ ಒಂದು ಹಬ್ಬಕ್ಕೆ ಮಗ, ಇನ್ನೊಂದು ಹಬ್ಬಕ್ಕೆ ಯಜಮಾನರು ಬೇಗ ಉಂಡು ಕೈತೊಳೆದು ಸೌಟು ಹಿಡಿಯಬಹುದು. ಮದುವೆಮನೆಯಲ್ಲಿ ಪಂಚೆ ಎತ್ತಿಕಟ್ಟಿ ನೂರಾರು ಎಲೆಗೆ ಬಡಿಸುವವರು ಗಂಡಸರೇ ತಾನೇ? ಮನೆಯ ನಾಲ್ಕು ಎಲೆ ಅವರಿಗೆ ಭಾರವಾಗದು. ಹಳೆಯ ನಿಯಮವೂ ಇದರಿಂದ ಮುರಿಯುವುದಿಲ್ಲ, ನಿಂತಿರುವ ವ್ಯಕ್ತಿ ಮಾತ್ರ ಬದಲಾಗುತ್ತಾರೆ.

ಮನೆಯಲ್ಲಿ ಹಿರಿಯರಿದ್ದು, ಎಲ್ಲರೂ ಒಟ್ಟಿಗೆ ಕೂರುವುದು ಅವರಿಗೆ ಸರಿಕಾಣದಿದ್ದರೆ ವಾದಕ್ಕಿಳಿಯಬೇಕಾಗಿಲ್ಲ. ಕುಡಿ ಬಾಳೆಲೆಯನ್ನು ಅವರಿಗೆ ಹಾಕಿ, ಮೊದಲ ತುತ್ತು ಅವರದಾಗಲೆಂದು ಕಾದು, ಆಮೇಲೆ ಉಳಿದವರು ಆರಂಭಿಸಿದರೆ ಗೌರವವೂ ಉಳಿಯಿತು, ಜೊತೆಯೂ ಉಳಿಯಿತು. ‘ಅಮ್ಮ, ನೀವೂ ಕೂತುಕೊಳ್ಳಿ, ನಾನು ಬಡಿಸ್ತೀನಿ’ ಎಂದು ಮೊಮ್ಮಗನೊಬ್ಬ ಹೇಳಿದರೆ ಬೇಡವೆನ್ನುವ ಅಜ್ಜಿ ಅಪರೂಪ.

ಬೇವು ಬೆಲ್ಲ ಹಂಚುವಾಗ ಮನೆಯಲ್ಲಿ ಯಾರನ್ನೂ ಬಿಡುವುದಿಲ್ಲ; ವರ್ಷದ ಕಹಿ ಸಿಹಿ ಎಲ್ಲರಿಗೂ ಸಮಪಾಲು ಎಂಬುದು ಅದರ ಅರ್ಥ. ಬೆಳಗ್ಗೆ ಬೇವು ಬೆಲ್ಲಕ್ಕೆ ಅನ್ವಯಿಸಿದ ಆ ಮಾತನ್ನು ಮಧ್ಯಾಹ್ನದ ಊಟಕ್ಕೂ ಅನ್ವಯಿಸಿಕೊಂಡರೆ ಸಾಕು. ಈ ಸಲ ಹಬ್ಬಕ್ಕೆ ಎಷ್ಟು ಎಲೆ ಎಂದು ಎಣಿಸುವಾಗ, ಅಡಿಗೆ ಮಾಡಿದವರ ಎಲೆಯನ್ನೇ ಮೊದಲು ಎಣಿಸಿ.