ಅರಮನೆಯೊಳಗೆ ಫ್ಲ್ಯಾಶ್ ಬೇಡ!

ಚಾಮರಾಜನಗರ ಮೈಸೂರು ಅರಸರ ಹೆಸರನ್ನೇ ಹೊತ್ತ ಊರು. ಇಲ್ಲಿಂದ, ಗುಂಡ್ಲುಪೇಟೆಯಿಂದ ಶಾಲಾ ಪ್ರವಾಸ ಹೊರಟರೆ ಮೈಸೂರು ಅರಮನೆ ತಪ್ಪುವುದಿಲ್ಲ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡ ಕಟ್ಟಡವಿದು.

ಕಲ್ಯಾಣ ಮಂಟಪದ ನವಿಲು ಚಿತ್ತಾರದ ಗಾಜಿನ ಛಾವಣಿಗೆ ಹಲವರು ಫ್ಲ್ಯಾಶ್ ಹೊಡೆಯುತ್ತಾರೆ. ಚಿತ್ರದಲ್ಲಿ ಮುಂದೆ ನಿಂತವರ ತಲೆ ಬೆಳಗುತ್ತದೆ, ಛಾವಣಿ ಮಂಕಾಗಿರುತ್ತದೆ. ಏಕೆ? ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಮೇಲಾಗಿ, ಬಣ್ಣದ ಗಾಜು ಹೊಳೆಯುವುದು ಆಚೆಯಿಂದ ತೂರಿಬರುವ ಹಗಲಿನ ಬೆಳಕಿನಿಂದ.

ಅನುಮತಿ ಇದ್ದಲ್ಲಿ ಫ್ಲ್ಯಾಶ್ ಆರಿಸಿ, ಕೈ ಅಲುಗದಂತೆ ಚಿತ್ರ ತೆಗೆಯಿರಿ. ಸುಟ್ಟ ಅರಮನೆಯನ್ನು ನಾವು ಇನ್ನು ನೋಡಲಾರೆವು. ಇರುವುದರ ಸ್ಪಷ್ಟ ಚಿತ್ರವೊಂದು ನಾಳೆ ದುರಸ್ತಿ ಮಾಡುವವರಿಗೂ ಆಧಾರವಾದೀತು.