ಯಕ್ಷಗಾನದ ವಿಡಿಯೋ: ಗುಣವೆಷ್ಟು, ಗಾತ್ರವೆಷ್ಟು?

ಪತ್ತನಾಜೆ ಕಳೆದು ತುಳುನಾಡಿನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಮುಂಬಯಿಯಲ್ಲಿ ಯಕ್ಷಗಾನದ ಸುಗ್ಗಿ ಆರಂಭವಾಯಿತೆಂದೇ ಅರ್ಥ. ಹೊರಗೆ ಮಳೆ, ಒಳಗೆ ಚೆಂಡೆ ಎನ್ನುವಂತೆ ನಗರದ ಹಾಗೂ ಉಪನಗರಗಳ ಸಭಾಗೃಹಗಳು ತುಂಬುತ್ತವೆ. 1926ರಲ್ಲಿ ಸ್ಥಾಪನೆಗೊಂಡ ಮಾಟುಂಗಾದ ಮೈಸೂರು ಅಸೋಸಿಯೇಷನ್ ಮೊದಲ್ಗೊಂಡು ಡೊಂಬಿವಲಿ, ಮೀರಾ ರೋಡ್‌ಗಳ ಚಿಕ್ಕಪುಟ್ಟ ಸಂಘಗಳವರೆಗೆ ಕನ್ನಡಿಗರ ಸಂಸ್ಥೆಗಳು ನಡೆಸಿಕೊಂಡು ಬಂದ ನಾಟಕ, ತಾಳಮದ್ದಳೆ, ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಅವುಗಳ ನೆನಪು ಹಿಂದೆ ಸ್ಮರಣ ಸಂಚಿಕೆಯ ಕಪ್ಪು ಬಿಳುಪು ಛಾಯಾಚಿತ್ರಗಳಲ್ಲಿ ಉಳಿಯುತ್ತಿತ್ತು. ಇಂದು ವಿಡಿಯೋದಲ್ಲಿ ಉಳಿಯುತ್ತಿದೆ.

ಆದರೆ ಉಳಿಯುತ್ತಿರುವುದು ಯಾವ ರೂಪದಲ್ಲಿ ಎಂಬುದು ವಿಚಾರಾರ್ಹ. ಚಿತ್ರೀಕರಣ ಮುಗಿದು, ಸಂಕಲನವೂ ಮುಗಿದು, ಕೊನೆಯಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿಯನ್ನು ಒತ್ತುವಾಗ ಕಂಪ್ಯೂಟರು ಹತ್ತಾರು ಪ್ರಶ್ನೆಗಳನ್ನು ಕೇಳುತ್ತದೆ. ಅವಸರದಲ್ಲಿ ಏನನ್ನೋ ಒತ್ತಿದರೆ ಫಲ ಎರಡೇ ಬಗೆ: ಯಾರಿಗೂ ಕಳುಹಿಸಲಾಗದಷ್ಟು ದೊಡ್ಡ ಫೈಲು, ಇಲ್ಲವೇ ವೇಷಧಾರಿಯ ಮುಖವರ್ಣಿಕೆಯೆಲ್ಲ ಕಲಸಿಹೋದ ಪುಟ್ಟ ಫೈಲು. ಎರಡನೆಯದಷ್ಟೇ ಉಳಿದು ಮೂಲ ಅಳಿದುಹೋದರೆ, ಆ ಕಲಾವಿದರು ಕಾಲವಾದ ಬಳಿಕ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ.

ತೂಕ ಎಲ್ಲಿಂದ ಬರುತ್ತದೆ?

ಇಂದಿನ ಸಾಮಾನ್ಯ ‘ಫುಲ್ ಎಚ್‌ಡಿ’ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಮೂರು ಬೈಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 560 ಗಿಗಾಬೈಟ್ ಬೇಕಾಗುತ್ತದೆ. ಇದು ಯಾರ ಕಪಾಟಿಗೂ ಹಿಡಿಯುವ ಗಂಟಲ್ಲ. ಆದುದರಿಂದ ಸಂಕುಚನ ಅನಿವಾರ್ಯ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬದಲಾದ ಭಾಗವನ್ನಷ್ಟೇ ಬರೆದಿಟ್ಟುಕೊಂಡು, ಕಣ್ಣಿಗೆ ಬೀಳದ ಸೂಕ್ಷ್ಮಗಳನ್ನು ಕೈಬಿಡುವುದೇ ಅದರ ಗುಟ್ಟು. ಈ ಕೆಲಸ ಮಾಡುವ ಸೂತ್ರಕ್ಕೆ ‘ಕೋಡೆಕ್’ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಬಹುತೇಕ ಎಲ್ಲ ಫೋನು, ಟಿವಿಗಳಲ್ಲಿಯೂ ಓಡುತ್ತದೆ. 2013ರ ಎಚ್.265 ಅದೇ ಗುಣಕ್ಕೆ ಸುಮಾರು ಅರ್ಧದಷ್ಟು ಜಾಗದಲ್ಲಿ ತೃಪ್ತಿಪಡುತ್ತದೆ. ಆದರೆ ಊರಿನ ಮನೆಯ ಹಳೆಯ ಟಿವಿ ಅದನ್ನು ಗುರುತಿಸದೆಯೂ ಇರಬಹುದು. ಹಂಚುವ ಪ್ರತಿಗೆ ಎಚ್.264 ಕ್ಷೇಮ.

ಫೈಲಿನ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ‘ಬಿಟ್‌ರೇಟ್’, ಎಂದರೆ ಒಂದು ಸೆಕೆಂಡಿಗೆ ಖರ್ಚು ಮಾಡುವ ಬಿಟ್‌ಗಳ ಮೊತ್ತ. ಲೆಕ್ಕ ಸರಳ: ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ ಗಂಟೆಗೆ 3.6 ಗಿಗಾಬೈಟ್, 5 ಮೆಗಾಬಿಟ್ ಎಂದರೆ 2.25 ಗಿಗಾಬೈಟ್. ಬಿಟ್‌ರೇಟ್ ಮನೆಯ ಸಂಬಳವಿದ್ದಂತೆ, ಚುಕ್ಕೆಗಳು ಉಣ್ಣುವ ಬಾಯಿಗಳಿದ್ದಂತೆ. ಸಂಬಳ ಹೆಚ್ಚಿಸದೆ ಬಾಯಿಗಳನ್ನು ಹೆಚ್ಚಿಸಿದರೆ ಎಲ್ಲರಿಗೂ ಅರೆಹೊಟ್ಟೆ. ಕಡಿಮೆ ಬಿಟ್‌ರೇಟಿನ 1080 ಗೆರೆಗಳ ಚಿತ್ರಕ್ಕಿಂತ ಅದೇ ಬಿಟ್‌ರೇಟಿನ 720 ಗೆರೆಗಳ ಚಿತ್ರ ಎಷ್ಟೋ ವೇಳೆ ಹೆಚ್ಚು ಸ್ವಚ್ಛವಾಗಿ ಕಾಣುವುದು ಈ ಕಾರಣದಿಂದಲೇ.

ಪಾತ್ರಕ್ಕೆ ತಕ್ಕ ವೇಷ

ಎಲ್ಲ ಕಾರ್ಯಕ್ರಮಗಳಿಗೂ ಒಂದೇ ಅಳತೆ ಸಲ್ಲದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತಲ್ಲಿಂದ ಕದಲುವುದಿಲ್ಲ. ಬದಲಾಗುವುದು ಮುಖಭಾವ, ಕೈಯ ಚಲನೆ ಮಾತ್ರ. ಅಲ್ಲಿ 2 ಮೆಗಾಬಿಟ್ ಕೂಡ ಅನೇಕ ವೇಳೆ ಸಾಕಾಗುತ್ತದೆ. ಆದರೆ ಅದರ ಪ್ರಾಣವಿರುವುದು ಮಾತಿನಲ್ಲಿ. ಧ್ವನಿಗೆ ‘ಎಎಸಿ’ ಮಾದರಿಯಲ್ಲಿ 160 ಕಿಲೋಬಿಟ್ ಕೊಟ್ಟರೂ ಗಂಟೆಗೆ ತಗಲುವುದು ಕೇವಲ 72 ಮೆಗಾಬೈಟ್. ಇಲ್ಲಿ ಜಿಪುಣತನ ಮಾಡಿ ಭಾಗವತರ ಕಂಠವನ್ನು ಕೆಡಿಸುವುದು ಉಪ್ಪಿನಲ್ಲಿ ಉಳಿತಾಯ ಮಾಡಿ ಅಡುಗೆಯನ್ನು ಕೆಡಿಸಿದಂತೆ.

ಯಕ್ಷಗಾನ ಬಯಲಾಟದ ಸ್ಥಿತಿ ಇದಕ್ಕೆ ವಿರುದ್ಧ. ಧೀಂಗಣ ಹಾಕುವ ವೇಷ, ಮಿನುಗುವ ಕಿರೀಟ, ಬಣ್ಣದ ಬೆಳಕು—ಎಲ್ಲವೂ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕೋಡೆಕ್‌ಗೆ ಬಿಡುವೆಂಬುದಿಲ್ಲ. 1080 ಗೆರೆಗಳ ಚಿತ್ರಕ್ಕೆ 8ರಿಂದ 12 ಮೆಗಾಬಿಟ್ ಕೊಡದಿದ್ದರೆ ಮುಮ್ಮೇಳದ ಕುಣಿತ ಚೌಕಚೌಕವಾಗಿ ಒಡೆದು ಕಾಣಿಸುವುದುಂಟು.

ಸಂಘಗಳು ಏರ್ಪಡಿಸುವ ಆರೋಗ್ಯ ಉಪನ್ಯಾಸಗಳದು ಮೂರನೆಯ ಬಗೆ. ಮಧುಮೇಹ, ರಕ್ತದೊತ್ತಡಗಳ ಬಗ್ಗೆ ವೈದ್ಯರು ತೆರೆಯ ಮೇಲೆ ತೋರಿಸುವ ಅಂಕಿ ಅಂಶಗಳು ಓದಲು ಬರುವಂತಿರಬೇಕು. ಔಷಧಿಯ ಪ್ರಮಾಣವನ್ನು ಮಸುಕಾದ ಅಕ್ಷರದಲ್ಲಿ ಊಹಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಇಲ್ಲಿ ಗೆರೆಗಳನ್ನು 1080ರಿಂದ ಇಳಿಸಬಾರದು. ಚಲನೆ ಅಲ್ಪವಾದ್ದರಿಂದ ಬಿಟ್‌ರೇಟನ್ನು ಇಳಿಸಬಹುದು.

ಇಷ್ಟೆಲ್ಲ ಊಹಿಸುವ ತೊಂದರೆ ಬೇಡವೆನ್ನುವವರಿಗೆ ‘ಸ್ಥಿರ ಗುಣ’ದ ಮಾರ್ಗವಿದೆ. ಉಚಿತವಾಗಿ ದೊರೆಯುವ ‘ಹ್ಯಾಂಡ್‌ಬ್ರೇಕ್’ ಮೊದಲಾದ ತಂತ್ರಾಂಶಗಳಲ್ಲಿ ಗುಣಕ್ಕೊಂದು ಅಂಕೆ ಕೊಟ್ಟರೆ, ಕುಣಿತಕ್ಕೆ ಹೆಚ್ಚು, ಮಾತಿಗೆ ಕಡಿಮೆ ಎಂದು ಅದೇ ಹಂಚಿಕೊಳ್ಳುತ್ತದೆ. ಎಚ್.264ರಲ್ಲಿ 1080 ಗೆರೆಗಳ ಚಿತ್ರಕ್ಕೆ 20ರಿಂದ 24ರ ನಡುವಿನ ಅಂಕೆ ಯುಕ್ತ. ಅಂಕೆ ಕಡಿಮೆಯಾದಷ್ಟೂ ಗುಣ ಹೆಚ್ಚು. ಆರು ಅಂಕೆ ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಡೀ ಪ್ರಸಂಗವನ್ನು ಎಕ್ಸ್‌ಪೋರ್ಟ್ ಮಾಡುವ ಮೊದಲು ಅತ್ಯಂತ ಬಿರುಸಿನ ಒಂದು ನಿಮಿಷವನ್ನು ಮಾತ್ರ ಮಾಡಿ ನೋಡುವುದು ಜಾಣತನ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಲದೇ?

ಹಳೆಯ ಕ್ಯಾಸೆಟ್ಟುಗಳ ಗತಿ

ಅನೇಕ ಸಂಘಗಳ ಕಪಾಟುಗಳಲ್ಲಿ ವಿಎಚ್‌ಎಸ್ ಕ್ಯಾಸೆಟ್ಟುಗಳು ಇನ್ನೂ ಇವೆ. ಮುಂಬಯಿಯ ಮಳೆಗಾಲದ ತೇವಕ್ಕೆ ಅವುಗಳಿಗೆ ಬೂಷ್ಟು ಹಿಡಿಯುತ್ತದೆ. ಅವನ್ನು ಓಡಿಸುವ ಯಂತ್ರಗಳ ತಯಾರಿಕೆಯಂತೂ 2016ರಲ್ಲಿಯೇ ನಿಂತುಹೋಯಿತು. ಹೀಗಾಗಿ ಅವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯವನ್ನು ಮುಂದೂಡುವಂತಿಲ್ಲ. ಆದರೆ ಇಲ್ಲಿ ಒಂದು ಭ್ರಮೆಗೆ ಒಳಗಾಗಬಾರದು. ಭಾರತದ ಪಾಲ್ ಪದ್ಧತಿಯ ಚಿತ್ರಕ್ಕೆ ಇರುವುದೇ 576 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅದನ್ನು 1080ಕ್ಕೆ ಹಿಗ್ಗಿಸಿದರೆ ಫೈಲು ಊದಿಕೊಳ್ಳುವುದೇ ಹೊರತು ಇಲ್ಲದ ವಿವರ ಹುಟ್ಟುವುದಿಲ್ಲ. ಊದಿಕೊಂಡ ಮೈ ಆರೋಗ್ಯದ ಲಕ್ಷಣವಲ್ಲವಷ್ಟೆ. ಮೂಲದ ಅಳತೆ, ಮೂಲದ ವೇಗಗಳನ್ನೇ ಉಳಿಸಿಕೊಂಡು ಬಿಟ್‌ರೇಟಿನಲ್ಲಿ ಉದಾರವಾಗಿರುವುದು ಲೇಸು.

ಹಂಚುವ ಪ್ರತಿ ಬೇರೆ, ಕಾಪಿಡುವ ಪ್ರತಿ ಬೇರೆ

ಮೂರು ಗಂಟೆಯ ಆಟವನ್ನು ವಾಟ್ಸ್‌ಆಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕೆಂದಿಟ್ಟುಕೊಳ್ಳೋಣ. ಅಲ್ಲಿ 2022ರಿಂದ ಇರುವ ಮಿತಿ 2 ಗಿಗಾಬೈಟ್. ಮೂರು ಗಂಟೆಗೆ ಇದನ್ನು ಹಂಚಿದರೆ ಸೆಕೆಂಡಿಗೆ ಸಿಗುವುದು ಸುಮಾರು ಒಂದೂವರೆ ಮೆಗಾಬಿಟ್. ಯಕ್ಷಗಾನಕ್ಕೆ ಇದು ಸಾಲದು. ಎರಡು ಭಾಗ ಮಾಡಿದರೆ ಮೂರು ಮೆಗಾಬಿಟ್ ದೊರೆಯುತ್ತದೆ. 720 ಗೆರೆಗೆ ಇಳಿಸಿದರೆ ಫೋನಿನ ಪುಟ್ಟ ತೆರೆಯಲ್ಲಿ ನೋಡಲು ಅಡ್ಡಿಯಿಲ್ಲ. ‘ವಿಡಿಯೋ’ ಆಗಿಯೇ ಕಳುಹಿಸಿದರೆ ಮಾತ್ರ ಅದು ಮತ್ತೊಮ್ಮೆ ಕುಗ್ಗುತ್ತದೆ. ಯೂಟ್ಯೂಬ್ ಕೂಡ ಕೊಟ್ಟದ್ದನ್ನು ತನ್ನ ಅಳತೆಗೆ ಮರುಸಂಕುಚಿಸುವುದರಿಂದ ಅಲ್ಲಿಗೆ ಉತ್ತಮ ಪ್ರತಿಯನ್ನೇ ಏರಿಸಬೇಕು. 1080 ಗೆರೆ, ಸೆಕೆಂಡಿಗೆ 25 ಅಥವಾ 30 ಚಿತ್ರಗಳಿಗೆ ಅದು ಸೂಚಿಸುವುದು 8 ಮೆಗಾಬಿಟ್. ಪೆನ್ ಡ್ರೈವಿನಲ್ಲಿ ಕೊಡುವವರು ‘ಫ್ಯಾಟ್ 32’ ಪದ್ಧತಿಯಲ್ಲಿ 4 ಗಿಗಾಬೈಟಿಗೆ ಮೀರಿದ ಒಂದೇ ಫೈಲು ಹಿಡಿಯದೆಂಬುದನ್ನು ಮರೆಯಬಾರದು.

ಇವೆಲ್ಲವೂ ಚಲಾವಣೆಯ ನೋಟುಗಳು. ಮೂಲಧನ ಬೇರೆಯೇ ಇರಬೇಕು. ಕ್ಯಾಮೆರಾದಿಂದ ಬಂದ ಮೂಲ ಫೈಲು ಹಾಗೂ ಉತ್ತಮ ಗುಣದ ಒಂದು ಪೂರ್ಣ ಪ್ರತಿಯನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಬೇರೆ ಮನೆಗಳಲ್ಲಿ ಇಡುವುದು ಕ್ಷೇಮ. ಹೊಸ ಪ್ರತಿ ಬೇಕಾದಾಗ ಅದನ್ನು ಮೂಲದಿಂದಲೇ ತೆಗೆಯಬೇಕು. ಸಂಕುಚಿತವಾದುದನ್ನು ಮತ್ತೆ ಸಂಕುಚಿಸಿದರೆ ಪ್ರತಿ ಸಲವೂ ಗುಣ ಕರಗುತ್ತದೆ, ಕರಗಿದ್ದು ಮರಳುವುದಿಲ್ಲ.

ಕಾರ್ಯಕಾರಿ ಸಮಿತಿಗಳು ವರ್ಷಾಂತ್ಯದಲ್ಲಿ ಜಮಾ ಖರ್ಚಿನ ತಖ್ತೆಯನ್ನು ಸಭೆಯ ಮುಂದಿಡುತ್ತವೆ. ಅದರ ಜೊತೆಗೆ ಯಾವ ಕಾರ್ಯಕ್ರಮದ ಮೂಲಪ್ರತಿ ಯಾರ ಬಳಿ, ಯಾವ ಡಿಸ್ಕಿನಲ್ಲಿದೆ ಎಂಬ ಒಂದು ಪುಟದ ಪಟ್ಟಿಯೂ ಇದ್ದರೆ, ಇಂದು ಲೋಕಲ್ ರೈಲು ಹಿಡಿದು ಬಂದು ಆಟ ನೋಡಿದವರ ಮೊಮ್ಮಕ್ಕಳಿಗೂ ಆ ಚೆಂಡೆಯ ಪೆಟ್ಟು ಸ್ಪಷ್ಟವಾಗಿ ಕೇಳಿಸೀತು.